ಯಂತ್ರಮಾನವನಿಗೆ ಮನಸ್ಸು ಕೊಟ್ಟ ಒಸಾಮು ತೆಜುಕಾ



ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಹುಡುಗನಿದ್ದರೆ ಅವನ ನೋಟ್ ಪುಸ್ತಕದ ಕೊನೆಯ ಪುಟಗಳನ್ನು ಒಮ್ಮೆ ತೆರೆದು ನೋಡಿ. ಲೆಕ್ಕವೂ ಇರುವುದಿಲ್ಲ, ಪಾಠವೂ ಇರುವುದಿಲ್ಲ. ಕಟ್ಟಡಗಳಿಗಿಂತ ಎತ್ತರವಾದ ಎರಡು ರೋಬೋಟ್‌ಗಳು ಪರಸ್ಪರ ಹೊಡೆದಾಡುತ್ತಿರುತ್ತವೆ. ಒಂದರ ಕಣ್ಣಿನಿಂದ ಬೆಂಕಿ, ಇನ್ನೊಂದರ ಮುಷ್ಟಿಯಿಂದ ಮಿಂಚು. ನನ್ನ ತರಗತಿಯ ಒಬ್ಬ ವಿದ್ಯಾರ್ಥಿ ಕನ್ನಡ ಪಾಠ ನಡೆಯುವಾಗಲೇ ಇಂತಹ ಚಿತ್ರ ಬರೆಯುತ್ತಾ ಸಿಕ್ಕಿಬಿದ್ದ. ಶಿಕ್ಷಕರಾದ ನಾವು ಸಾಮಾನ್ಯವಾಗಿ ಮಾಡುವುದನ್ನೇ ನಾನೂ ಮಾಡಿದೆ. ಪುಸ್ತಕ ಕಿತ್ತುಕೊಂಡು ಮೇಜಿನ ಮೇಲಿಟ್ಟೆ. ಆ ಪುಸ್ತಕ ಮುಂದೆ ಏನಾಯಿತೆಂಬುದನ್ನು ಈ ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಇದೇ ರೀತಿ ತರಗತಿಯಲ್ಲಿ ಚಿತ್ರ ಬರೆಯುತ್ತಾ ಸಿಕ್ಕಿಬಿದ್ದು, ಮುಂದೆ ವೈದ್ಯಕೀಯ ಪದವಿ ಪಡೆದು, ಆದರೂ ಪೆನ್ನನ್ನೇ ಆರಿಸಿಕೊಂಡ ಜಪಾನಿನ ಒಬ್ಬ ಮಹಾನ್ ಚಿತ್ರಕಥೆಗಾರರ ಜೀವನವನ್ನು ನಿಮಗೆ ಪರಿಚಯಿಸಲು ಬಯಸುತ್ತೇನೆ. ಅವರೇ ಒಸಾಮು ತೆಜುಕಾ. ಆಸ್ಟ್ರೋ ಬಾಯ್ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಿತನಾದ ರೋಬೋಟ್ ಹುಡುಗನ ಸೃಷ್ಟಿಕರ್ತರು.

ಬಾಲ್ಯ ಮತ್ತು ಶಾಲೆ

ತೆಜುಕಾ 1928ರ ನವೆಂಬರ್ 3ರಂದು ಒಸಾಕಾ ಪ್ರಾಂತ್ಯದ ತೊಯೊನಾಕಾದಲ್ಲಿ ಜನಿಸಿದರು. ಅವರಿಗೆ ಐದು ವರ್ಷವಿದ್ದಾಗ ಕುಟುಂಬ ಸಮೀಪದ ತಕಾರಾಜುಕಾ ಪಟ್ಟಣಕ್ಕೆ ಬಂದು ನೆಲೆಸಿತು. ತಂದೆಗೆ ಸಿನಿಮಾ ಎಂದರೆ ಬಹಳ ಇಷ್ಟ. ಮನೆಯಲ್ಲಿಯೇ ಒಂದು ಪುಟ್ಟ ಪ್ರೊಜೆಕ್ಟರ್ ಇಟ್ಟುಕೊಂಡು ಮಕ್ಕಳಿಗೆ ಚಾಪ್ಲಿನ್ ಮತ್ತು ಡಿಸ್ನಿಯ ಚಿತ್ರಗಳನ್ನು ತೋರಿಸುತ್ತಿದ್ದರು. ತಾಯಿ ಪಿಯಾನೋ ನುಡಿಸುತ್ತಿದ್ದರು, ಕಥೆ ಹೇಳುತ್ತಿದ್ದರು, ಊರಿನ ಹೆಸರಾಂತ ಸಂಗೀತ ನಾಟಕಗಳಿಗೆ ಮಗನನ್ನು ಕರೆದೊಯ್ಯುತ್ತಿದ್ದರು.

ಮನೆಯಲ್ಲಿ ಇಷ್ಟೆಲ್ಲ ಸಂತೋಷವಿದ್ದರೂ ಶಾಲೆಯಲ್ಲಿ ಆ ಹುಡುಗನಿಗೆ ನೆಮ್ಮದಿ ಇರಲಿಲ್ಲ. ಕುಳ್ಳ, ಬಡಕಲು ದೇಹ, ದಪ್ಪ ಕನ್ನಡಕ, ಬಾಚಿದರೂ ಕೂರದ ಕೂದಲು. ಸಹಪಾಠಿಗಳು ಅಡ್ಡ ಹೆಸರಿಟ್ಟು ಗೇಲಿ ಮಾಡುತ್ತಿದ್ದರು. ಹೊಡೆದಾಟದಲ್ಲಿ ಗೆಲ್ಲುವ ಶಕ್ತಿ ಇಲ್ಲದ ಈ ಹುಡುಗ ಬೇರೊಂದು ದಾರಿ ಕಂಡುಕೊಂಡ. ಅವನು ಚಿತ್ರಕಥೆ ಬರೆಯತೊಡಗಿದ. ಕೀಟಲೆ ಮಾಡುತ್ತಿದ್ದವರೇ ಮುಂದಿನ ಭಾಗ ಯಾವಾಗ ಎಂದು ಕೇಳಿಕೊಂಡು ಬರುವಂತಾಯಿತು.

ಒಂದು ದಿನ ತರಗತಿಯಲ್ಲಿ ಅವನ ಚಿತ್ರಕಥೆಯ ಪುಸ್ತಕ ಶಿಕ್ಷಕರ ಕೈಗೆ ಸಿಕ್ಕಿತು. ಶಿಕ್ಷೆ ಖಂಡಿತ ಎಂದು ಹುಡುಗ ಹೆದರಿದ್ದ. ಆದರೆ ಶಿಕ್ಷಕರು ಅದನ್ನು ಓದಿದರು, ಮೆಚ್ಚಿದರು, ಮುಂದುವರಿಸಲು ಬಿಟ್ಟರು. ಅದೇ ಶಾಲೆಯಲ್ಲಿ ಇನುಯಿ ಎಂಬ ಶಿಕ್ಷಕರು ಮಕ್ಕಳಿಂದ ಧಾರಾಳವಾಗಿ ಪ್ರಬಂಧ ಬರೆಸುತ್ತಿದ್ದರು. ಕಥೆ ಕಟ್ಟುವ ಅಭ್ಯಾಸ ತನಗೆ ಬಂದದ್ದು ಆ ಪ್ರಬಂಧಗಳಿಂದ ಎಂದು ತೆಜುಕಾ ದೊಡ್ಡವರಾದ ಮೇಲೂ ಸ್ಮರಿಸುತ್ತಿದ್ದರು. ಓದುಗರೇ, ಶಿಕ್ಷಕ ವೃತ್ತಿಯಲ್ಲಿರುವವರು ಈ ಮಾತನ್ನು ಸ್ವಲ್ಪ ನಿಂತು ಓದಬೇಕು.

ಚಿತ್ರದಷ್ಟೇ ಹುಚ್ಚು ಅವನಿಗೆ ಕೀಟಗಳ ಮೇಲಿತ್ತು. ಬೆಟ್ಟ ಗುಡ್ಡ ಸುತ್ತಿ ಕೀಟಗಳನ್ನು ಹಿಡಿದು, ಬಣ್ಣ ಬಣ್ಣವಾಗಿ ಅವುಗಳ ಚಿತ್ರ ಬರೆದು ಪುಸ್ತಕ ಮಾಡುತ್ತಿದ್ದ. ನೆಲದ ಮೇಲೆ ಓಡಾಡುವ ಒಂದು ಜಾತಿಯ ಜೀರುಂಡೆಗೆ ಜಪಾನಿ ಭಾಷೆಯಲ್ಲಿ ಒಸಾಮುಶಿ ಎಂದು ಹೆಸರು. ತನ್ನ ಹೆಸರಿಗೂ ಅದಕ್ಕೂ ಇರುವ ಹೋಲಿಕೆ ಕಂಡು, ಕೀಟ ಎಂಬ ಅರ್ಥದ ಅಕ್ಷರವೊಂದನ್ನು ತನ್ನ ಹೆಸರಿಗೆ ಸೇರಿಸಿಕೊಂಡ. ಕೊನೆಯವರೆಗೂ ಅವರು ಸಹಿ ಹಾಕಿದ್ದು ಆ ಕೀಟದ ಅಕ್ಷರದೊಂದಿಗೇ.

ಯುದ್ಧದ ಬೆಂಕಿ

ತೆಜುಕಾ ಹೈಸ್ಕೂಲಿನ ವಯಸ್ಸಿಗೆ ಬರುವಷ್ಟರಲ್ಲಿ ಜಪಾನ್ ಮಹಾಯುದ್ಧದಲ್ಲಿ ಮುಳುಗಿತ್ತು. ದೇಹ ದುರ್ಬಲವಾಗಿದ್ದ ವಿದ್ಯಾರ್ಥಿಗಳನ್ನು ಗಟ್ಟಿಗೊಳಿಸಲೆಂದು 1944ರಲ್ಲಿ ಒಂದು ಶಿಬಿರಕ್ಕೆ ಹಾಕಿದರು. ಅಲ್ಲಿ ಅವರ ಎರಡೂ ಕೈಗಳಿಗೆ ಹುಳುಕಡ್ಡಿ ಹತ್ತಿ, ಊದಿಕೊಂಡು, ಕೈಗಳನ್ನೇ ಕತ್ತರಿಸಬೇಕಾಗಬಹುದು ಎನ್ನುವ ಹಂತಕ್ಕೆ ಹೋಯಿತು. ಒಸಾಕಾ ವಿಶ್ವವಿದ್ಯಾಲಯದ ಆಸ್ಪತ್ರೆಯ ವೈದ್ಯರು ಚಿಕಿತ್ಸೆ ನೀಡಿ ಕೈಗಳನ್ನು ಉಳಿಸಿದರು. ತಾನೂ ವೈದ್ಯನಾಗಬೇಕೆಂಬ ಆಸೆ ಆಗಲೇ ಅವರಲ್ಲಿ ಮೊಳೆಯಿತು. ಮುಂದೆ ಒಂದೂವರೆ ಲಕ್ಷ ಪುಟಗಳಷ್ಟು ಚಿತ್ರ ಬರೆಯಲಿದ್ದ ಕೈಗಳು ಹೀಗೆ ಸ್ವಲ್ಪದರಲ್ಲಿ ಉಳಿದವು.

ಅನಂತರ ಶಾಲೆಯ ಹುಡುಗರನ್ನೆಲ್ಲ ಯುದ್ಧ ಸಾಮಗ್ರಿ ತಯಾರಿಸುವ ಕಾರ್ಖಾನೆಗೆ ದುಡಿಯಲು ಕಳುಹಿಸಲಾಯಿತು. ತೆಜುಕಾ ಅಲ್ಲಿಯೂ ಕದ್ದು ಮುಚ್ಚಿ ಚಿತ್ರಕಥೆ ಬರೆಯುತ್ತಿದ್ದರು. ಬರೆದದ್ದನ್ನು ಯಾರಾದರೂ ಓದಲಿ ಎಂದು ಕಾರ್ಖಾನೆಯ ಶೌಚಾಲಯದ ಗೋಡೆಗೆ ಅಂಟಿಸುತ್ತಿದ್ದರಂತೆ. ಯುದ್ಧ ಮುಗಿಯುವ ಹೊತ್ತಿಗೆ ಅವರ ಬಳಿ ಸುಮಾರು 3,000 ಪುಟಗಳು ಜಮೆಯಾಗಿದ್ದವು.

1945ರ ಜೂನ್ ತಿಂಗಳಲ್ಲಿ ಅವರು ಕಾರ್ಖಾನೆಯ ಕಾವಲು ಗೋಪುರದ ಮೇಲೆ ನಿಂತಿದ್ದಾಗ ಅಮೆರಿಕದ ಬಿ-29 ವಿಮಾನಗಳು ಒಸಾಕಾದ ಮೇಲೆ ಬೆಂಕಿ ಬಾಂಬುಗಳ ಮಳೆ ಸುರಿಸಿದವು. ಒಂದು ಬಾಂಬು ಅವರ ಪಕ್ಕದಲ್ಲೇ ಛಾವಣಿ ಸೀಳಿಕೊಂಡು ಕೆಳಗೆ ಬಿದ್ದಿತು. ಅವರು ಬದುಕಿ ಉಳಿದರು. ಆದರೆ ಓಡಿ ಹೊರಬಂದಾಗ ಯೊಡೊ ನದಿಯ ದಡದಲ್ಲಿ ಕಂಡ ಹೆಣಗಳ ರಾಶಿಯನ್ನು ಜೀವಮಾನದಲ್ಲಿ ಮರೆಯಲಿಲ್ಲ. ಅವರಿಗೆ ಆಗ ಕೇವಲ 16 ವರ್ಷ.

ಆಗಸ್ಟ್ 15ರಂದು ಜಪಾನ್ ಶರಣಾಯಿತು. ವಿಮಾನ ದಾಳಿಯ ಭಯದಿಂದ ಬಹುಕಾಲ ಕತ್ತಲಲ್ಲಿದ್ದ ಒಸಾಕಾ ನಗರದಲ್ಲಿ ದೀಪಗಳು ಹತ್ತಿಕೊಂಡವು. ಇನ್ನು ಸಾಯಬೇಕಾಗಿಲ್ಲ, ಇನ್ನು ಮನಸ್ಸಿಗೆ ಬಂದಷ್ಟು ಚಿತ್ರ ಬರೆಯಬಹುದು ಎಂಬ ಸಂತೋಷ ಆ ದೀಪಗಳನ್ನು ಕಂಡಾಗ ಅವರಿಗೆ ಆಯಿತು. ತನ್ನ ಎಲ್ಲ ಕಥೆಗಳ ಬೇರು ಆ ರಾತ್ರಿಯ ಸಂತೋಷದಲ್ಲಿದೆ ಎಂದು ಅವರು ನಂಬಿದ್ದರು.

ಇನ್ನೊಂದು ಘಟನೆಯನ್ನೂ ಇಲ್ಲಿ ಹೇಳಬೇಕು. ಯುದ್ಧದ ನಂತರ ಜಪಾನಿನಲ್ಲಿ ಅಮೆರಿಕದ ಸೈನಿಕರು ಬೀಡುಬಿಟ್ಟಿದ್ದರು. ಕುಡಿದಿದ್ದ ಕೆಲವು ಸೈನಿಕರು ರಸ್ತೆಯಲ್ಲಿ ತೆಜುಕಾರನ್ನು ಏನೋ ಕೇಳಿದರು. ಅವರ ಭಾಷೆ ಇವರಿಗೆ ತಿಳಿಯಲಿಲ್ಲ. ಉತ್ತರ ಬಾರದ್ದಕ್ಕೆ ಹೊಡೆದು ಕೆಡವಿ ಹೊರಟುಹೋದರು. ಆ ಪೆಟ್ಟಿಗಿಂತ ಅದರ ಕಾರಣ ಅವರನ್ನು ಹೆಚ್ಚು ಕಾಡಿತು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೆ ಎಷ್ಟು ಸುಲಭವಾಗಿ ಕೈ ಮೇಲೇಳುತ್ತದೆ! ಎರಡು ಭಾಷೆಗಳನ್ನು ಕಲಿಸುವ ನನಗೆ ತೆಜುಕಾರ ಜೀವನದಲ್ಲಿ ಅತ್ಯಂತ ಮುಖ್ಯವೆನಿಸಿದ ಘಟನೆ ಇದು.

ವೈದ್ಯನೋ ಚಿತ್ರಕಥೆಗಾರನೋ?

1945ರಲ್ಲಿಯೇ ತೆಜುಕಾ ಒಸಾಕಾ ವಿಶ್ವವಿದ್ಯಾಲಯಕ್ಕೆ ಸೇರಿದ ವೈದ್ಯಕೀಯ ವಿಭಾಗದಲ್ಲಿ ಪ್ರವೇಶ ಪಡೆದರು. ಓದುತ್ತಿರುವಾಗಲೇ 1946ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಅವರ ಮೊದಲ ಧಾರಾವಾಹಿ ಪ್ರಕಟವಾಯಿತು. ಮರುವರ್ಷ, ಅಂದರೆ 1947ರಲ್ಲಿ, ಹಿರಿಯ ಚಿತ್ರಕಾರ ಶಿಚಿಮಾ ಸಕಾಯ್ ಅವರೊಂದಿಗೆ ಸೇರಿ ಮಾಡಿದ ಹೊಸ ನಿಧಿ ದ್ವೀಪ ಎಂಬ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಊಟಕ್ಕೂ ತತ್ವಾರವಿದ್ದ ಆ ಕಾಲದಲ್ಲಿ ಜಪಾನಿನ ಮಕ್ಕಳು ಅಗ್ಗದ ಕಾಗದದಲ್ಲಿ ಅಚ್ಚಾದ ಆ ಪುಸ್ತಕಕ್ಕೆ ಮುಗಿಬಿದ್ದರು. ಅದರಲ್ಲಿ ಅಂಥದ್ದೇನಿತ್ತು? ಅಂದಿನ ಬಹುಪಾಲು ಚಿತ್ರಕಥೆಗಳಲ್ಲಿ ಪಾತ್ರಗಳು ನಾಟಕದ ವೇದಿಕೆಯ ಮೇಲಿದ್ದಂತೆ ಒಂದೇ ದೂರದಲ್ಲಿ ನಿಂತು ಮಾತನಾಡುತ್ತಿದ್ದವು. ತೆಜುಕಾ ಸಿನಿಮಾದ ಕ್ಯಾಮರಾದಂತೆ ಹತ್ತಿರದಿಂದ, ದೂರದಿಂದ, ಮೇಲಿನಿಂದ ದೃಶ್ಯಗಳನ್ನು ತೋರಿಸಿದರು. ತಂದೆಯ ಪ್ರೊಜೆಕ್ಟರ್ ಕಲಿಸಿದ ಪಾಠ ಇಲ್ಲಿ ಕೆಲಸಕ್ಕೆ ಬಂದಿತು.

ಹಗಲು ಕಾಲೇಜು, ರಾತ್ರಿ ಚಿತ್ರ. ಉಪನ್ಯಾಸದ ಪುಸ್ತಕದಲ್ಲಿಯೂ ಅಂಗಾಂಗಗಳ ಚಿತ್ರದ ಪಕ್ಕ ಕಾರ್ಟೂನುಗಳು. ಕೊನೆಗೆ ಅವರ ಪ್ರಾಧ್ಯಾಪಕರೊಬ್ಬರು, ಹೀಗೇ ಮುಂದುವರಿದರೆ ರೋಗಿಗಳಿಗೆ ಅಪಾಯ, ಆದ್ದರಿಂದ ಚಿತ್ರಕಥೆಗಾರನಾಗುವುದೇ ಒಳ್ಳೆಯದೆಂದು ಸಲಹೆ ನೀಡಿದರು. ತೆಜುಕಾ ತಾಯಿಯ ಬಳಿ ಹೋಗಿ ಏನು ಮಾಡಲಿ ಎಂದು ಕೇಳಿದರು. ನಿನಗೆ ನಿಜವಾಗಿ ಯಾವುದು ಇಷ್ಟವೋ ಅದನ್ನೇ ಮಾಡು ಎಂಬರ್ಥದ ಉತ್ತರ ಆ ತಾಯಿಯಿಂದ ಬಂದಿತು.

ಓದುಗರೇ, ಈ ಜಾಗದಲ್ಲಿ ಎಚ್ಚರಿಕೆ ಇರಲಿ. ಓದು ಬಿಟ್ಟರೂ ದೊಡ್ಡವರಾಗಬಹುದು ಎಂಬುದಕ್ಕೆ ಉದಾಹರಣೆಯಾಗಿ ತೆಜುಕಾರ ಕಥೆಯನ್ನು ಹೇಳುವಂತಿಲ್ಲ. ಅವರು ಓದು ಬಿಡಲಿಲ್ಲ. 1951ರಲ್ಲಿ ವ್ಯಾಸಂಗ ಮುಗಿಸಿದರು, ಮರುವರ್ಷ ವೈದ್ಯರ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಜಪಾನಿನ ಅತ್ಯಂತ ಜನಪ್ರಿಯ ಚಿತ್ರಕಥೆಗಾರರಾದ ಮೇಲೂ ಬಿಡುವು ಮಾಡಿಕೊಂಡು ಸಂಶೋಧನೆ ನಡೆಸಿ, ಕೆರೆಯ ಬಸವನಹುಳುವಿನ ವೀರ್ಯಕಣಗಳ ರಚನೆಯ ಬಗ್ಗೆ ಪ್ರಬಂಧ ಮಂಡಿಸಿ, 1961ರಲ್ಲಿ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ರೋಗಿಗಳಿಗೆ ಚಿಕಿತ್ಸೆ ಮಾಡಲಿಲ್ಲವಾದರೂ, ಜೀವ ಎಂದರೇನು, ಅದರ ಬೆಲೆ ಎಷ್ಟು ಎಂಬ ವೈದ್ಯನ ಪ್ರಶ್ನೆಯನ್ನು ಪ್ರತಿ ಪುಟದಲ್ಲಿಯೂ ಉಳಿಸಿಕೊಂಡರು.

ಆಟಮ್ ಹುಟ್ಟಿದ

1951ರ ಏಪ್ರಿಲ್‌ನಲ್ಲಿ ಶೋನೆನ್ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ ತೆಜುಕಾರ ರಾಯಭಾರಿ ಆಟಮ್ ಎಂಬ ಧಾರಾವಾಹಿ ಆರಂಭವಾಯಿತು. ಅದರ ಕಥೆ ಸ್ವಾರಸ್ಯವಾಗಿದೆ. ತಮ್ಮ ಗ್ರಹ ನಾಶವಾದ್ದರಿಂದ ನೆಲೆ ಕಳೆದುಕೊಂಡ ಜನ ಭೂಮಿಗೆ ಬರುತ್ತಾರೆ. ಅವರು ನೋಡಲು ಥೇಟ್ ನಮ್ಮಂತೆಯೇ. ಇಲ್ಲಿರುವ ಪ್ರತಿಯೊಬ್ಬನಿಗೂ ಅವರಲ್ಲಿ ಒಬ್ಬ ತದ್ರೂಪಿ ಇದ್ದಾನೆ. ಮೊದಲು ಆತಿಥ್ಯ, ನಂತರ ಆಹಾರದ ಕೊರತೆ, ಆಮೇಲೆ ದ್ವೇಷ, ಕೊನೆಗೆ ಯುದ್ಧ. ಆಗ ಎರಡೂ ಕಡೆಯವರ ನಡುವೆ ಸಂಧಾನಕ್ಕೆ ಹೋಗುವವನು ತದ್ರೂಪಿ ಇಲ್ಲದ ಒಬ್ಬನೇ ಒಬ್ಬ, ಅಂದರೆ ರೋಬೋಟ್ ಹುಡುಗ ಆಟಮ್. ತನ್ನ ಮಾತು ಸತ್ಯ ಎಂಬುದಕ್ಕೆ ಒತ್ತೆಯಾಗಿ ಅವನು ತನ್ನ ತಲೆಯನ್ನೇ ಕಳಚಿ ಒಪ್ಪಿಸುತ್ತಾನೆ. ಜಪಾನಿನ ಅತ್ಯಂತ ಪ್ರಸಿದ್ಧ ರೋಬೋಟ್ ಮೊದಲು ಓದುಗರ ಮುಂದೆ ಬಂದದ್ದು ರಾಯಭಾರಿಯಾಗಿ ಎಂಬುದನ್ನು ಗಮನಿಸಿ.

ಆ ಹುಡುಗನನ್ನು ಮಕ್ಕಳು ಇಷ್ಟಪಟ್ಟಿದ್ದರಿಂದ 1952ರ ಏಪ್ರಿಲ್‌ನಿಂದ ಅವನನ್ನೇ ನಾಯಕನನ್ನಾಗಿ ಮಾಡಿದ ತೆತ್ಸುವಾನ್ ಆಟಮ್ ಧಾರಾವಾಹಿ ಶುರುವಾಗಿ 1968ರವರೆಗೆ ನಡೆಯಿತು. ವಿಜ್ಞಾನ ಇಲಾಖೆಯ ಮುಖ್ಯಸ್ಥ ಡಾ. ತೆನ್ಮಾರ ಮಗ ರಸ್ತೆ ಅಪಘಾತದಲ್ಲಿ ಸಾಯುತ್ತಾನೆ. ದುಃಖ ತಾಳಲಾರದೆ ಅವರು ಮಗನ ರೂಪದ ರೋಬೋಟ್ ಮಾಡುತ್ತಾರೆ. ಆದರೆ ರೋಬೋಟ್ ಮಗ ಬೆಳೆಯುವುದಿಲ್ಲ ಎಂಬುದು ಅರಿವಾದಾಗ ಕೋಪಗೊಂಡು ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾರೆ. ಪ್ರೊಫೆಸರ್ ಒಚಾನೊಮಿಜು ಎಂಬ ದೊಡ್ಡ ಮೂಗಿನ, ದೊಡ್ಡ ಮನಸ್ಸಿನ ವಿಜ್ಞಾನಿ ಅವನನ್ನು ಬಿಡಿಸಿ ತಂದು ಶಾಲೆಗೆ ಸೇರಿಸುತ್ತಾರೆ. ಆಟಮ್‌ಗೆ 1,00,000 ಅಶ್ವಶಕ್ತಿಯ ಬಲವಿದೆ, ಏಳು ವಿಶೇಷ ಶಕ್ತಿಗಳಿವೆ. ಎದುರಿರುವವನು ಒಳ್ಳೆಯವನೋ ಕೆಟ್ಟವನೋ ಎಂದು ತಿಳಿಯುವುದು ಅವುಗಳಲ್ಲೊಂದು. ಇಷ್ಟಿದ್ದರೂ ಮನುಷ್ಯರು ಅವನನ್ನು ಯಂತ್ರವೆಂದು ಹೀಯಾಳಿಸುತ್ತಾರೆ, ರೋಬೋಟ್‌ಗಳು ಮನುಷ್ಯರ ಪಕ್ಷದವನೆಂದು ಅನುಮಾನಿಸುತ್ತಾರೆ. ಎರಡು ಲೋಕಗಳ ನಡುವೆ ನಿಂತ ಮಗು ಅವನು.

ಎಲ್ಲರೂ ಇದನ್ನು ಹೊಗಳಲಿಲ್ಲ. 1955ರ ಸುಮಾರಿಗೆ ಜಪಾನಿನಲ್ಲಿ ಕೆಟ್ಟ ಪುಸ್ತಕಗಳ ವಿರುದ್ಧ ಪೋಷಕರು ಮತ್ತು ಶಿಕ್ಷಕರ ದೊಡ್ಡ ಚಳವಳಿ ನಡೆಯಿತು. ಚಿತ್ರಕಥೆಗಳನ್ನು ರಾಶಿ ಹಾಕಿ ಸುಟ್ಟರು. ತೆಜುಕಾರ ಪುಸ್ತಕಗಳಿಗೂ ಟೀಕೆ ತಪ್ಪಲಿಲ್ಲ. ಅವರು ಉತ್ತರ ಕೊಟ್ಟದ್ದು ಮುಂದಿನ ತಿಂಗಳ ಕಂತಿನ ಮೂಲಕ.

ಬೃಹತ್ ರೋಬೋಟ್‌ಗಳ ಕಾಳಗ

ಇನ್ನು ಮಕ್ಕಳ ನೋಟ್ ಪುಸ್ತಕದ ಆ ಬೃಹತ್ ರೋಬೋಟ್‌ಗಳ ವಿಷಯಕ್ಕೆ ಬರೋಣ. ಇದೇ ಶೋನೆನ್ ಪತ್ರಿಕೆಯಲ್ಲಿ 1956ರಿಂದ ಮಿತ್ಸುತೆರು ಯೊಕೊಯಾಮಾ ಎಂಬ ಕಿರಿಯ ಕಲಾವಿದರ ತೆತ್ಸುಜಿನ್ 28 ಎಂಬ ಧಾರಾವಾಹಿ ಬರತೊಡಗಿತು. ಅದರ ನಾಯಕ ಒಬ್ಬ ಹುಡುಗನ ರಿಮೋಟ್ ಹೇಳಿದಂತೆ ನಡೆಯುವ ಬೃಹತ್ ಉಕ್ಕಿನ ಮನುಷ್ಯ. ಅವನಿಗೆ ಸ್ವಂತ ಮನಸ್ಸಿಲ್ಲ. ರಿಮೋಟ್ ಒಳ್ಳೆಯವರ ಕೈಯಲ್ಲಿದ್ದರೆ ಒಳ್ಳೆಯದು ಮಾಡುತ್ತಾನೆ, ಕಳ್ಳರ ಕೈಗೆ ಸಿಕ್ಕಿದರೆ ಊರು ಹಾಳು ಮಾಡುತ್ತಾನೆ. ಮುಂದೆ ನೂರಾರು ಧಾರಾವಾಹಿಗಳಲ್ಲಿ ಕಾಣಿಸಿಕೊಂಡ ಬೃಹತ್ ರೋಬೋಟ್‌ಗಳ ವಂಶ ಇಲ್ಲಿಂದ ಬೆಳೆಯಿತು. ಒಂದೇ ಪತ್ರಿಕೆಯಲ್ಲಿ ಈ ಎರಡೂ ಕಥೆಗಳು ಪೈಪೋಟಿಯಲ್ಲಿ ನಡೆದವು.

1964ರ ಜೂನ್‌ನಿಂದ 1965ರ ಜನವರಿಯವರೆಗೆ ತೆಜುಕಾ ತಮ್ಮ ಆಟಮ್ ಮಾಲಿಕೆಯಲ್ಲಿ ಬೃಹತ್ ರೋಬೋಟ್‌ಗಳ ಕಾಳಗದ ಕಥೆಯನ್ನು ಬರೆದರು. ಅದರ ಹೆಸರು ಭೂಮಿಯ ಮೇಲಿನ ಅತ್ಯಂತ ಬಲಶಾಲಿ ರೋಬೋಟ್. ಇಡೀ ಮಾಲಿಕೆಯಲ್ಲಿ ಅತ್ಯಂತ ಜನಪ್ರಿಯವಾದ ಕಥೆಗಳಲ್ಲಿ ಇದು ಸೇರಿದೆ.

ಜಗತ್ತಿನ ಒಡೆಯನಾಗಬೇಕೆಂಬ ಹುಚ್ಚಿನ ಒಬ್ಬ ಸುಲ್ತಾನ ಹತ್ತು ಲಕ್ಷ ಅಶ್ವಶಕ್ತಿಯ, ಎರಡು ಕೊಂಬುಗಳುಳ್ಳ ಪ್ಲೂಟೊ ಎಂಬ ದೈತ್ಯ ರೋಬೋಟನ್ನು ಮಾಡಿಸುತ್ತಾನೆ. ಜಗತ್ತಿನ ಏಳು ಶ್ರೇಷ್ಠ ರೋಬೋಟ್‌ಗಳನ್ನು ನಾಶ ಮಾಡುವುದೇ ಅದಕ್ಕಿರುವ ಆಜ್ಞೆ. ಸ್ವಿಟ್ಜರ್‌ಲೆಂಡಿನ ಮಾಂಟ್ ಬ್ಲಾಂಕ್, ಸ್ಕಾಟ್‌ಲೆಂಡಿನ ನಾರ್ತ್ ನಂಬರ್ 2, ಟರ್ಕಿಯ ಬ್ರಾಂಡೊ, ಜರ್ಮನಿಯ ಪತ್ತೇದಾರ ಗೆಜಿಖ್ಟ್, ಗ್ರೀಸಿನ ಹರ್ಕ್ಯುಲಿಸ್, ಆಸ್ಟ್ರೇಲಿಯಾದ ಎಪ್ಸಿಲಾನ್, ಮತ್ತು ಜಪಾನಿನ ಆಟಮ್. ಇವರಲ್ಲಿ ಯಾರಿಗೂ ಪ್ಲೂಟೊ ಮೇಲೆ ಹಗೆ ಇಲ್ಲ. ಪ್ಲೂಟೊಗೂ ಇವರ ಮೇಲೆ ಹಗೆ ಇಲ್ಲ. ಆದರೂ ಒಬ್ಬರಾದ ಮೇಲೆ ಒಬ್ಬರು ಪುಡಿಯಾಗುತ್ತಾರೆ.

ಓದುತ್ತಾ ಹೋದಂತೆ ನಿಮ್ಮ ಮನಸ್ಸಿನಲ್ಲೇ ಬದಲಾವಣೆ ಆಗುತ್ತದೆ. ಮೊದಲ ಕಾಳಗದಲ್ಲಿ ಯಾರು ಗೆಲ್ಲುತ್ತಾರೆ ಎಂಬ ಕುತೂಹಲ. ಮೂರನೆಯದರ ಹೊತ್ತಿಗೆ ಇದು ಯಾಕೆ ನಡೆಯುತ್ತಿದೆ ಎಂಬ ಬೇಸರ. ಬೆಳಕಿನಿಂದ ಶಕ್ತಿ ಪಡೆಯುವ, ಅನಾಥ ಮಕ್ಕಳನ್ನು ಸಾಕುವ ಎಪ್ಸಿಲಾನ್ ಒಂದು ಮಗುವನ್ನು ಕಾಪಾಡುತ್ತಾ ನಾಶವಾದಾಗ ಬರುವುದು ದುಃಖ. ಗೆಲುವಿನ ಚಪ್ಪಾಳೆಗೆ ಅಲ್ಲಿ ಜಾಗವೇ ಇಲ್ಲ. ಆಟಮ್ ಕೂಡ ಒಂದು ಹಂತದಲ್ಲಿ ತನಗೂ ಹತ್ತು ಲಕ್ಷ ಅಶ್ವಶಕ್ತಿ ಬೇಕೆಂದು ಹಟ ಹಿಡಿಯುತ್ತಾನೆ. ಒಚಾನೊಮಿಜು ಒಪ್ಪುವುದಿಲ್ಲ. ಹಿಂದೆ ಮಗನನ್ನು ಮಾರಿದ ಅದೇ ತೆನ್ಮಾ ಬಂದು ಆ ಶಕ್ತಿಯನ್ನು ಕೊಡುತ್ತಾರೆ. ಬಲ ಹೆಚ್ಚುತ್ತದೆ, ನೆಮ್ಮದಿ ಹೆಚ್ಚುವುದಿಲ್ಲ. ಪ್ಲೂಟೊ ಆಟಮ್‌ನ ಪುಟ್ಟ ತಂಗಿ ಉರಾನ್‌ಳ ಗೆಳೆತನ ಮಾಡುತ್ತಾನೆ. ಕೊಲ್ಲಲೆಂದೇ ಹುಟ್ಟಿದ ಯಂತ್ರದಲ್ಲಿ ಸಂಕೋಚ ಹುಟ್ಟುತ್ತದೆ, ಕರುಣೆ ಹುಟ್ಟುತ್ತದೆ. ಕೊನೆಗೆ ಅವನಿಗಿಂತಲೂ ಬಲವಾದ ಬೋರಾ ಎಂಬ ಇನ್ನೊಂದು ರೋಬೋಟ್ ಬರುತ್ತದೆ. ಪ್ಲೂಟೊ ಅದರೊಂದಿಗೆ ತಾನೂ ನಾಶವಾಗುತ್ತಾನೆ. ಅತ್ಯಂತ ಬಲಶಾಲಿ ಯಾರು ಎಂದು ಶುರುವಾದ ಕಥೆ, ಬಲಶಾಲಿಗಳೆಲ್ಲ ಸತ್ತುಬಿದ್ದ ಬಯಲಿನಲ್ಲಿ ಮುಗಿಯುತ್ತದೆ. 16ನೇ ವಯಸ್ಸಿನಲ್ಲಿ ನದಿ ದಡದಲ್ಲಿ ಕಂಡ ದೃಶ್ಯವನ್ನು ಅವರು ಮಕ್ಕಳಿಗೆ ತೋರಿಸಿದ್ದು ಹೀಗೆ.

ಈ ಕಥೆಯಲ್ಲಿನ ಸುಲ್ತಾನನ ಚಿತ್ರಣ ನಮಗೆ ಹಿಡಿಸುವುದಿಲ್ಲ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಹಣ ಮತ್ತು ಅಹಂಕಾರ ಬಿಟ್ಟರೆ ಬೇರೇನೂ ಇಲ್ಲದ ಪೂರ್ವ ದೇಶದ ದೊರೆ ಎಂಬುದು ಯುರೋಪಿನ ಕಥೆಗಳಿಂದ ಬಂದ ಹಳೆಯ ಅಚ್ಚು. ರೋಬೋಟ್‌ಗೆ ಮನಸ್ಸು ಕೊಟ್ಟ ತೆಜುಕಾ ಆ ಸುಲ್ತಾನನಿಗೆ ಅಷ್ಟು ಮನಸ್ಸು ಕೊಡಲಿಲ್ಲ. ಈ ಕೊರತೆಯನ್ನು ತುಂಬಿದವರು ಇನ್ನೊಬ್ಬ ಜಪಾನಿ ಕಲಾವಿದ ನಾವೊಕಿ ಉರಸಾವಾ. 2003ರಿಂದ 2009ರವರೆಗೆ ಅವರು ಇದೇ ಕಥೆಯನ್ನು ಪ್ಲೂಟೊ ಎಂಬ ಹೆಸರಿನಲ್ಲಿ ಹೊಸದಾಗಿ ಬರೆದರು. ಅದರಲ್ಲಿ ವಿನಾಶಕಾರಿ ರೋಬೋಟ್‌ಗಳಿವೆ ಎಂಬ ಆರೋಪ ಹೊರಿಸಿ ಪರ್ಷಿಯಾ ಎಂಬ ರಾಜ್ಯದ ಮೇಲೆ ಯುದ್ಧ ಮಾಡುತ್ತಾರೆ. ಹುಡುಕಿದರೆ ಅಂತಹ ರೋಬೋಟ್‌ಗಳು ಸಿಗುವುದಿಲ್ಲ. ಪ್ಲೂಟೊನ ಹಿಂದಿರುವ ವಿಜ್ಞಾನಿ ಆ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವನು. ಓದುವವರಿಗೆ 2003ರ ಇರಾಕ್ ಯುದ್ಧ ನೆನಪಾಗದೆ ಇರದು. ಈ ಕೃತಿಗೆ 2005ರಲ್ಲಿ ತೆಜುಕಾರ ಹೆಸರಿನ ಸಾಂಸ್ಕೃತಿಕ ಪ್ರಶಸ್ತಿಯೇ ದೊರೆಯಿತು. 2023ರಲ್ಲಿ ಅದು ಅನಿಮೇಷನ್ ಧಾರಾವಾಹಿಯಾಗಿಯೂ ಬಂದಿತು. ಗುರುವಿನ ಕೃತಿಯಲ್ಲಿನ ಕೊರತೆಯನ್ನು ಶಿಷ್ಯ ಗೌರವದಿಂದ ತಿದ್ದುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಟಿ.ವಿ.ಯ ಯಶಸ್ಸು, ಸೋಲು

ತೆಜುಕಾರಿಗೆ ಬಾಲ್ಯದಿಂದಲೂ ತಾನು ಬರೆದ ಚಿತ್ರಗಳು ಚಲಿಸಬೇಕೆಂಬ ಆಸೆ. ಅದಕ್ಕಾಗಿ ಮುಶಿ ಪ್ರೊಡಕ್ಷನ್ ಎಂಬ ಸಂಸ್ಥೆ ಕಟ್ಟಿದರು. ಮುಶಿ ಎಂದರೆ ಕೀಟ. 1963ರ ಜನವರಿ 1ರಂದು ಆಟಮ್ ಟಿ.ವಿ.ಯಲ್ಲಿ ಹಾರಿದ. ಪ್ರತಿ ವಾರ ಅರ್ಧ ಗಂಟೆಯ ಚಿತ್ರ ತಯಾರಿಸುವುದು ಅಸಾಧ್ಯ ಎಂದು ತಿಳಿದವರೆಲ್ಲ ಹೇಳುತ್ತಿದ್ದ ಕಾಲವದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ತೆಜುಕಾ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿದರು, ಮುಖ ನಿಶ್ಚಲವಾಗಿಟ್ಟು ಬಾಯಿ ಮಾತ್ರ ಆಡಿಸಿದರು, ಹಾರುವ ದೃಶ್ಯಗಳನ್ನು ಕಾದಿಟ್ಟು ಮತ್ತೆ ಮತ್ತೆ ಉಪಯೋಗಿಸಿದರು. ಚಲನೆಯ ಕೊರತೆಯನ್ನು ಕಥೆ ತುಂಬಿಕೊಟ್ಟಿತು. ಒಂದು ಹಂತದಲ್ಲಿ ಟಿ.ವಿ. ಇದ್ದ ಮನೆಗಳಲ್ಲಿ ಶೇಕಡ 40ರಷ್ಟು ಮನೆಗಳು ಆಟಮ್‌ನನ್ನೇ ನೋಡುತ್ತಿದ್ದವು. ಅದೇ ವರ್ಷ ಅಮೆರಿಕದಲ್ಲಿಯೂ ಆಸ್ಟ್ರೋ ಬಾಯ್ ಎಂಬ ಹೆಸರಿನಲ್ಲಿ ಪ್ರಸಾರವಾಯಿತು. ಎಂದೋ ಭಾಷೆ ತಿಳಿಯದೆ ಅಮೆರಿಕದವರಿಂದ ಪೆಟ್ಟು ತಿಂದವರ ಕಥೆಯನ್ನು ಈಗ ಅಮೆರಿಕದ ಮಕ್ಕಳು ತಮ್ಮ ಭಾಷೆಯಲ್ಲಿ ನೋಡಿದರು. 1966ರ ಡಿಸೆಂಬರ್ 31ರ ಕೊನೆಯ, 193ನೇ ಕಂತಿನಲ್ಲಿ ಭೂಮಿಯನ್ನು ಉಳಿಸಲು ಆಟಮ್ ಸೂರ್ಯನತ್ತ ಹಾರಿಹೋದಾಗ ಜಪಾನಿನ ಮಕ್ಕಳು ಅತ್ತರು.

ಆದರೆ ಈ ಯಶಸ್ಸಿಗೆ ಬೆಲೆಯೂ ಇತ್ತು. ತೆಜುಕಾ ಕಂತುಗಳನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ಕೊಟ್ಟಿದ್ದರು. ಕೊರತೆಯನ್ನು ತಮ್ಮ ಪುಸ್ತಕಗಳ ದುಡ್ಡಿನಿಂದ ತುಂಬುತ್ತಿದ್ದರು. ಈ ಕಡಿಮೆ ದರ ಮುಂದೆ ಇಡೀ ಉದ್ಯಮದ ಕಲಾವಿದರ ಸಂಬಳವನ್ನು ಕೆಳಗೆ ಎಳೆಯಿತೆಂಬ ಟೀಕೆ ಅವರ ಮೇಲಿದೆ. ಸ್ವತಃ ದೊಡ್ಡ ಅನಿಮೇಷನ್ ನಿರ್ದೇಶಕರಾದ ಹಯಾವೊ ಮಿಯಾಜಾಕಿ ಕೂಡ ಈ ಟೀಕೆ ಮಾಡಿದವರಲ್ಲೊಬ್ಬರು. 1973ರಲ್ಲಿ ಮುಶಿ ಪ್ರೊಡಕ್ಷನ್ ದಿವಾಳಿಯಾಯಿತು. ತೆಜುಕಾರ ಕಾಲ ಮುಗಿಯಿತೆಂದು ಪತ್ರಿಕಾ ವಲಯದಲ್ಲಿ ಮಾತನಾಡಿಕೊಂಡರು.

ಆಗ ಅವರ ಓದು ಅವರ ಕೈ ಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಬ್ಲ್ಯಾಕ್ ಜ್ಯಾಕ್ ಎಂಬ ಚಿತ್ರಕಥೆ ಆರಂಭಿಸಿದರು. ಪರವಾನಗಿ ಇಲ್ಲದ, ಆದರೆ ಅದ್ಭುತ ಕೈಚಳಕದ ಶಸ್ತ್ರಚಿಕಿತ್ಸಕನೊಬ್ಬನ ಕಥೆ ಅದು. ಕೆಲವೇ ಕಂತುಗಳೆಂದು ಶುರುವಾದದ್ದು ಇನ್ನೂರಕ್ಕೂ ಹೆಚ್ಚು ಕಥೆಗಳಾಗಿ ಬೆಳೆಯಿತು. ವೈದ್ಯಕೀಯ ಪದವಿ ವ್ಯರ್ಥವಾಯಿತೆಂದು ಯಾರಾದರೂ ಅಂದುಕೊಂಡಿದ್ದರೆ ಅದಕ್ಕೆ ಉತ್ತರ ಇಲ್ಲಿತ್ತು. 1972ರಿಂದ 1983ರವರೆಗೆ ಗೌತಮ ಬುದ್ಧನ ಜೀವನವನ್ನೂ, ನಂತರ ಹಿಟ್ಲರನ ಕಾಲದ ಮೂವರು ಅಡಾಲ್ಫರ ಕಥೆಯನ್ನೂ ಬರೆದರು.

ಕೊನೆಯ ದಿನಗಳು

ತೆಜುಕಾ ದಿನಕ್ಕೆ ಕೆಲವೇ ಗಂಟೆ ನಿದ್ದೆ ಮಾಡುತ್ತಿದ್ದರು. ಏಕಕಾಲಕ್ಕೆ ಹಲವು ಪತ್ರಿಕೆಗಳ ಸಂಪಾದಕರು ಪುಟಗಳಿಗಾಗಿ ಅವರ ಮನೆಯಲ್ಲೇ ಕಾದು ಕುಳಿತಿರುತ್ತಿದ್ದರು. ಸುಮಾರು 700 ಕೃತಿಗಳು, ಸುಮಾರು 1,50,000 ಪುಟಗಳು. ದೇಹ ಇದನ್ನು ಎಷ್ಟು ದಿನ ತಡೆದೀತು? ಹೊಟ್ಟೆಯ ಕ್ಯಾನ್ಸರ್ ಅವರನ್ನು ಹಿಡಿಯಿತು. ಅಂದಿನ ಜಪಾನಿನ ರೂಢಿಯಂತೆ ರೋಗದ ಹೆಸರನ್ನು ಅವರಿಗೆ ತಿಳಿಸಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆಯೂ ಪೆನ್ಸಿಲ್ ಕೇಳುತ್ತಿದ್ದರು. 1989ರ ಫೆಬ್ರವರಿ 9ರಂದು, 60ನೇ ವಯಸ್ಸಿನಲ್ಲಿ, ಹಲವು ಕೃತಿಗಳನ್ನು ಅರ್ಧಕ್ಕೆ ಬಿಟ್ಟು ನಿಧನರಾದರು. ಅವರು ಬಾಲ್ಯ ಕಳೆದ ತಕಾರಾಜುಕಾದಲ್ಲಿ 1994ರಲ್ಲಿ ಅವರ ಸ್ಮಾರಕ ಸಂಗ್ರಹಾಲಯ ತೆರೆಯಿತು. ಕಥೆಯ ಪ್ರಕಾರ ಆಟಮ್ ಹುಟ್ಟಬೇಕಾಗಿದ್ದ ದಿನ 2003ರ ಏಪ್ರಿಲ್ 7. ಆ ದಿನವನ್ನು ಜಪಾನಿನ ಜನ ನಿಜವಾದ ಮಗುವಿನ ಹುಟ್ಟುಹಬ್ಬದಂತೆ ಆಚರಿಸಿದರು.

ಓದುಗರೇ, ಅಶ್ವಶಕ್ತಿಯ ಲೆಕ್ಕ ಮಕ್ಕಳಿಗೆ ಇಷ್ಟ. ಹತ್ತು ಲಕ್ಷ ದೊಡ್ಡದೋ ಒಂದು ಲಕ್ಷ ದೊಡ್ಡದೋ ಎಂದು ಅವರು ಜಗಳವಾಡಲಿ, ತಪ್ಪಿಲ್ಲ. ಆದರೆ ಬಲ ಯಾರಿಗಾಗಿ, ಯಾರ ಆಜ್ಞೆಯಂತೆ, ಯಾರ ಮೇಲೆ ಎಂಬ ಪ್ರಶ್ನೆಗಳನ್ನು ಅವರ ಕಿವಿಗೆ ಹಾಕಬೇಕಾದವರು ನಾವು. ತೆಜುಕಾ ಉಪದೇಶ ಮಾಡದೆ ಈ ಪ್ರಶ್ನೆಗಳನ್ನು ರೋಬೋಟ್‌ಗಳ ಬಾಯಲ್ಲಿ ಹಾಕಿದರು. ಮಕ್ಕಳು ಓದಿದ್ದು ಕಾಳಗಕ್ಕಾಗಿ, ಅವರ ಮನಸ್ಸಿನಲ್ಲಿ ಉಳಿದದ್ದು ಪ್ರಶ್ನೆ.

ಈಗ ಆ ನೋಟ್ ಪುಸ್ತಕದ ವಿಷಯ. ಮರುದಿನ ನಾನು ಅದನ್ನು ಹುಡುಗನಿಗೆ ಹಿಂದಿರುಗಿಸಿದೆ. ಈ ಇಬ್ಬರು ಯಾಕೆ ಹೊಡೆದಾಡುತ್ತಿದ್ದಾರೆ ಎಂದು ಬರೆದುಕೊಂಡು ಬಾ, ಚಿತ್ರ ಮುಂದುವರಿಸಬಹುದು ಎಂದೆ. ಅವನಿಗೆ ಅದು ಶಿಕ್ಷೆಯಂತೆ ಕಂಡಿರಬೇಕು, ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದ. ಮೂರನೆಯ ದಿನ ಒಂದು ಪುಟ ಬರೆದು ತಂದ. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಮನೆಯಲ್ಲಿ ಉರ್ದು ಮಾತನಾಡುವ ಆ ಹುಡುಗ ಕನ್ನಡದಲ್ಲಿ ತಾನಾಗಿ ಇಷ್ಟುದ್ದ ಬರೆದದ್ದು ಅದೇ ಮೊದಲು. ಕೊನೆಯ ಸಾಲಿನಲ್ಲಿ ಅವನ ರೋಬೋಟ್‌ಗಳು ಇನ್ನೂ ಹೊಡೆದಾಡುತ್ತಲೇ ಇದ್ದವು. ಮುಂದಿನ ಭಾಗ ಯಾವಾಗ ಎಂದು ನಾನು ಕೇಳಿದ್ದೇನೆ.